ತರಂಗಂಬಾಡಿಯಲ್ಲಿ ಒಂದು ರಾತ್ರಿ ಉಳಿಯಿರಿ

ಕುಂಭಕೋಣ, ಚಿದಂಬರ ಯಾತ್ರೆಗೆ ಹೋದವರು ದಾರಿಯಲ್ಲಿ ಅರ್ಧ ಗಂಟೆ ಗಾಡಿ ನಿಲ್ಲಿಸಿ, ಕೋಟೆಯ ಮುಂದೆ ಫೋಟೊ ತೆಗೆಸಿಕೊಂಡು ಹೊರಟುಬಿಡುವ ಊರು ತರಂಗಂಬಾಡಿ. ನೀವು ಹಾಗೆ ಮಾಡಬೇಡಿ. ಹಿಂದೆ ಡೆನ್ಮಾರ್ಕಿನವರ ಕೈಯಲ್ಲಿದ್ದ ತಮಿಳುನಾಡಿನ ಈ ಪುಟ್ಟ ಪಟ್ಟಣದ ಚೆಲುವು ಕಾಣುವುದು ಬೆಳಗಿನ ಜಾವ ಮತ್ತು ಸಂಜೆ. ನಡುಹಗಲಿನ ಬಿಸಿಲಲ್ಲಿ ಬಂದವರಿಗೆ ಅದು ದಕ್ಕುವುದಿಲ್ಲ.

ಮೈಸೂರಿನಿಂದ ಬೆಂಗಳೂರು ಮಾರ್ಗವಾಗಿ ಮೈಲಾಡುತುರೈಗೆ ರಾತ್ರಿ ರೈಲಿದೆ. ಅಲ್ಲಿಂದ ಪೊರೈಯಾರ್ ಕಡೆಯ ಬಸ್ಸು ಹತ್ತಿದರೆ ಸುಮಾರು ಒಂದು ತಾಸಿನ ಹಾದಿ. ಜನವರಿ, ಫೆಬ್ರುವರಿ ಒಳ್ಳೆಯ ಕಾಲ. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಹಿಂಗಾರು ಮಳೆ ಜೋರು.

1792ರ ಊರಬಾಗಿಲಿನಿಂದ ನಡೆಯಲು ಶುರುಮಾಡಿ. ಕಿಂಗ್ ಸ್ಟ್ರೀಟ್ ನೇರವಾಗಿ ಕಡಲಿಗೆ ಒಯ್ಯುತ್ತದೆ. ದಾರಿಯಲ್ಲಿ ಸಿಗುವ ನ್ಯೂ ಜೆರುಸಲೆಮ್ ಚರ್ಚಿನೊಳಗೆ ಹೋಗದೆ ಮುಂದೆ ಸಾಗಬೇಡಿ. ಅದನ್ನು 1718ರಲ್ಲಿ ಕಟ್ಟಿಸಿದ ಜರ್ಮನ್ ಪಾದ್ರಿ ಬಾರ್ತೊಲೊಮೇಯಸ್ ಝೀಗೆನ್‌ಬಾಲ್ಗ್ ಅವರ ಸಮಾಧಿ ಅಲ್ಲೇ ಇದೆ. 1706ರಲ್ಲಿ ಬಂದಿಳಿದ ಅವರು ತಮಿಳು ಕಲಿತು, ಬೈಬಲಿನ ಹೊಸ ಒಡಂಬಡಿಕೆಯನ್ನು ಅನುವಾದಿಸಿ, ಇದೇ ಊರಿನಲ್ಲಿ ಅಚ್ಚು ಹಾಕಿಸಿದರು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯ ಶುರುವಾದದ್ದು 1841ರಲ್ಲಿ; ಅದಕ್ಕಿಂತ ನೂರು ವರ್ಷಕ್ಕೂ ಮೊದಲಿನ ಮಾತು ಇದು. ಪುಸ್ತಕ ಪ್ರೀತಿಸುವವರಿಗೆ ಈ ಬೀದಿಯೇ ಒಂದು ಯಾತ್ರಾಸ್ಥಳ.

ಬೀದಿಯ ಕೊನೆಗೆ ಡ್ಯಾನ್ಸ್‌ಬೋರ್ಗ್ ಕೋಟೆ. ತಂಜಾವೂರಿನ ರಘುನಾಥ ನಾಯಕನೊಂದಿಗೆ ಒಪ್ಪಂದ ಮಾಡಿಕೊಂಡು ಡೇನರು 1620ರಲ್ಲಿ ಇದನ್ನು ಕಟ್ಟಲು ತೊಡಗಿದರು. ಅವರಿಗೆ ಬೇಕಿದ್ದದ್ದು ಕಾಳುಮೆಣಸು. 1845ರಲ್ಲಿ ಇಡೀ ಊರನ್ನು ಇಂಗ್ಲಿಷರಿಗೆ ಮಾರಿ ಹೋದರು. ಆಮೇಲೆ ವ್ಯಾಪಾರ ನಾಗಪಟ್ಟಣದ ಕಡೆ ಸರಿಯಿತು. ಹಳೆಯ ಬೀದಿಗಳು ಇಷ್ಟಾದರೂ ಉಳಿದದ್ದು ಅದರಿಂದಲೇ ಎನ್ನಬೇಕು. ಕೋಟೆಯೊಳಗೊಂದು ಸಣ್ಣ ವಸ್ತುಸಂಗ್ರಹಾಲಯವೂ ಇದೆ.

ಕೋಟೆಗಿಂತಲೂ ಹಳೆಯದು ದಡದಲ್ಲಿರುವ ಮಾಸಿಲಾಮಣಿನಾಥರ್ ಗುಡಿ. 1306ರ ಪಾಂಡ್ಯರ ಕಾಲದ ಈ ಗುಡಿಯ ಮುಂಭಾಗವನ್ನು ಕಡಲು ಆಗಲೇ ನುಂಗಿದೆ. ಬೆಳಗಿನ ಹೊತ್ತು ಇಲ್ಲಿಂದ ಸೂರ್ಯೋದಯ ನೋಡಿ. ನೀರಿಗೆ ಮಾತ್ರ ಇಳಿಯಬೇಡಿ, ಸೆಳೆತ ಬಲವಾಗಿದೆ. 2004ರ ಸುನಾಮಿಯಲ್ಲಿ ಇಲ್ಲಿನ ಮೀನುಗಾರರ ಕೇರಿ ಬಹಳ ನೊಂದಿತು. ಅವರ ದೋಣಿ, ಬಲೆಗಳ ನಡುವೆ ಓಡಾಡುವಾಗ, ಕ್ಯಾಮೆರಾ ಎತ್ತುವ ಮುನ್ನ ಒಂದು ಮಾತು ಕೇಳಿ.

ತಂಗಲು ಹಳೆಯ ಬಂಗಲೆಗಳಲ್ಲೇ ಕೋಣೆಗಳಿವೆ. ಸಂಖ್ಯೆ ಕಡಿಮೆ, ಮೊದಲೇ ಕಾದಿರಿಸಿ. ಕೋಟೆಯ ಆಸುಪಾಸಿನಲ್ಲಿ ಹೋಟೆಲುಗಳೂ ಹೆಚ್ಚಿಲ್ಲ; ಪಕ್ಕದ ಪೊರೈಯಾರ್‌ಗೆ ಹೋದರೆ ಸಸ್ಯಾಹಾರಿ ಊಟಕ್ಕೆ ತೊಂದರೆಯಿಲ್ಲ. ಹಿರಿಯರು ಜೊತೆಗಿದ್ದರೆ, ಷಷ್ಟಿಪೂರ್ತಿಗೆ ಹೆಸರಾದ ತಿರುಕ್ಕಡೈಯೂರ್ ದೇವಸ್ಥಾನ ಹತ್ತಿರದಲ್ಲೇ ಇದೆ. ಮರಳುವಾಗ ಅದೇ ಬಸ್ ದಾರಿಯಲ್ಲಿ ಇಳಿದು ನೋಡಿಕೊಂಡು ರೈಲು ಹಿಡಿಯಬಹುದು.