ಉಚಿತವಾಗಿ ಬಂದದ್ದಕ್ಕೆ ಕೊಟ್ಟದ್ದೇನು?



'ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ' ಎಂಬ ಗಾದೆ ನಮ್ಮಲ್ಲಿದೆ. ಉಚಿತವಾಗಿ ಕೊಟ್ಟದ್ದನ್ನು ಪಡೆಯುವುದರಲ್ಲಿ ಪಾಪವೇನೂ ಇಲ್ಲ. ಸಂತೆಯಲ್ಲಿ ಹಣ್ಣಿನ ವ್ಯಾಪಾರಿ ಒಂದು ಹೋಳು ಕೊಯ್ದು ರುಚಿ ನೋಡಲು ಕೊಡುತ್ತಾನೆ. ಆದರೆ ಆತ ನಿಮ್ಮ ಜನ್ಮದಿನಾಂಕವನ್ನಾಗಲಿ, ಬ್ಯಾಂಕಿನ ಖಾತೆ ಸಂಖ್ಯೆಯನ್ನಾಗಲಿ ಕೇಳುವುದಿಲ್ಲ.

ಇಂದು ಈ ರುಚಿ ತೋರಿಸುವ ವ್ಯಾಪಾರ ಅಂತರ್ಜಾಲಕ್ಕೂ ಬಂದಿದೆ. ಶಾಂಪೂ, ಚಹಾಪುಡಿ, ಕ್ರೀಮು, ಮಗುವಿನ ಡೈಪರ್ ಮುಂತಾದವುಗಳ ಮಾದರಿಯನ್ನು ಮನೆಗೆ ಕಳುಹಿಸುತ್ತೇವೆಂದು ಕಂಪೆನಿಗಳು ಹೇಳುತ್ತವೆ. ಪಡೆಯಬಹುದೇ? ಪಡೆಯಬಹುದು. ಆದರೆ ಏನನ್ನು ಕೊಟ್ಟು ಪಡೆಯುತ್ತಿದ್ದೇವೆ ಎಂಬುದು ತಿಳಿದಿರಬೇಕು.

ಒಂದು ಅಳತೆಗೋಲು

ಪ್ರಾಮಾಣಿಕ ಕಂಪೆನಿಗೂ ಮಾದರಿ ಕೊಡುವುದರಲ್ಲಿ ಲಾಭವಿದೆ. ನೀವು ಮುಂದೆ ಆ ವಸ್ತುವನ್ನು ಕೊಳ್ಳಬೇಕೆಂಬುದು ಅದರ ಆಸೆ. ಜೊತೆಗೆ ನಿಮ್ಮ ಹೆಸರು, ವಿಳಾಸ, ಅಭಿರುಚಿಗಳೂ ಅದಕ್ಕೆ ಬೆಲೆಯುಳ್ಳವು. ಈ ವಿವರಗಳ ಮೇಲೆ ನಿಮಗೆ ಹಕ್ಕಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಪಿತ್ತಿತು. 2023ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯ ಪ್ರಕಾರ, ನಮ್ಮ ಒಪ್ಪಿಗೆಯು ಆಯಾ ಉದ್ದೇಶಕ್ಕೆ ಅಗತ್ಯವಾದ ವಿವರಕ್ಕಷ್ಟೇ ಸೀಮಿತ.

ಆದ್ದರಿಂದ ಪ್ರತಿಯೊಂದು ಪ್ರಶ್ನೆಯ ಮುಂದೆ ಹೀಗೆ ಕೇಳಿಕೊಳ್ಳಿ: ಈ ಪೊಟ್ಟಣ ನನ್ನ ಮನೆ ತಲುಪಲು ಈ ವಿವರ ಬೇಕೇ? ಹೆಸರು, ವಿಳಾಸ, ಪಿನ್‌ಕೋಡ್, ತಲುಪಿಸುವವನಿಗಾಗಿ ಫೋನ್ ನಂಬರು ಬೇಕಾಗಬಹುದು. ಆಧಾರ್, ಪ್ಯಾನ್, ಬ್ಯಾಂಕ್ ಖಾತೆ, ಕುಟುಂಬದ ಆದಾಯ ಇವುಗಳ ಅಗತ್ಯವೇ ಇಲ್ಲ.

ಗಮನಿಸಬೇಕಾದವು

1. ವಾಟ್ಸಾಪಿನಲ್ಲಿ ಬಂದ ಕೊಂಡಿಯನ್ನು ಒತ್ತಬೇಡಿ. ಕಂಪೆನಿಯ ವಿಳಾಸವನ್ನು ನೀವೇ ಟೈಪ್ ಮಾಡಿ, ಆ ಕೊಡುಗೆ ಅಲ್ಲಿದೆಯೇ ನೋಡಿ. ವಿಳಾಸದ ಪಕ್ಕದಲ್ಲಿ ಬೀಗದ ಚಿಹ್ನೆ ಇದ್ದರೆ ಮಾಹಿತಿ ದಾರಿಯಲ್ಲಿ ಸೋರದು ಎಂದಷ್ಟೇ ಅರ್ಥ. ಅದನ್ನು ಪಡೆಯುವವನು ಪ್ರಾಮಾಣಿಕನೆಂದು ಅರ್ಥವಲ್ಲ.

2. ಉಚಿತವೆಂದು ಹೇಳಿ 'ಅಂಚೆ ವೆಚ್ಚಕ್ಕೆ ಹತ್ತು ರೂಪಾಯಿ' ಎಂದು ಕಾರ್ಡಿನ ವಿವರ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ವಂಚಕನಿಗೆ ಬೇಕಾದದ್ದು ಆ ಹತ್ತು ರೂಪಾಯಿಯಲ್ಲ, ನಿಮ್ಮ ಕಾರ್ಡು.

3. ಓಟಿಪಿಯನ್ನು ಫೋನಿನಲ್ಲಿ ಕೇಳಿದವರಿಗೆ ಹೇಳಬೇಡಿ. ಯುಪಿಐ ಪಿನ್ ಒತ್ತುವುದು ಹಣ ಕೊಡುವಾಗ. ಹಣ ಪಡೆಯಲು ಅದು ಬೇಕಿಲ್ಲ.

4. ಇಂಥವಕ್ಕೆಂದೇ ಬೇರೊಂದು ಇ-ಮೇಲ್ ವಿಳಾಸವಿರಲಿ. ಅರ್ಜಿಯ ಕೊನೆಯಲ್ಲಿ ಜಾಹೀರಾತಿಗೆ ಒಪ್ಪಿಗೆಯೆಂದು ಮೊದಲೇ ಗುರುತು ಹಾಕಿದ್ದರೆ ತೆಗೆದುಹಾಕಿ.

5. ಮಾದರಿಗಾಗಿ ಆ್ಯಪ್ ಹಾಕಿಕೊಳ್ಳಿರೆಂದರೆ, ಅದು ನಿಮ್ಮ ಫೋಟೋಗಳನ್ನೂ ಫೋನಿನಲ್ಲಿರುವ ನಂಬರುಗಳನ್ನೂ ನೋಡಲು ಅನುಮತಿ ಕೇಳುತ್ತದೆಯೇ ಗಮನಿಸಿ. ಕೇಳಿದರೆ ಕೊಡಬೇಡಿ.

ನಮ್ಮದಲ್ಲದ್ದನ್ನು ಕೊಡುವುದು

ಇಲ್ಲಿ ವಿಶ್ವಾಸಿಗಳಾದ ನಾವು ಇನ್ನೂ ಆಳವಾಗಿ ಯೋಚಿಸಬೇಕು. ನಿಮ್ಮ ಫೋನಿನಲ್ಲಿರುವ ನಂಬರುಗಳು ನಿಮ್ಮವಲ್ಲ. ಅವು ನಿಮ್ಮ ನೆರೆಯವರದು, ಗುರುಗಳದು, ಧರ್ಮಕೇಂದ್ರದ ಬಡ ವಿಧವೆಯದು. ಅವರು ನಿಮ್ಮನ್ನು ನಂಬಿ ಕೊಟ್ಟದ್ದನ್ನು ಒಂದು ಸೋಪಿಗಾಗಿ ಅಪರಿಚಿತರ ಕೈಗೆ ಒಪ್ಪಿಸುವುದು ನ್ಯಾಯವೇ? 'ಇಪ್ಪತ್ತು ಮಂದಿಗೆ ಕಳುಹಿಸಿದರೆ ಬಹುಮಾನ' ಎಂಬ ಸಂದೇಶವನ್ನು ಮುಂದೆ ಕಳುಹಿಸುವಾಗಲೂ ಹಾಗೆಯೇ. ಅದು ವಂಚನೆಯಾಗಿದ್ದರೆ, ನಿಮ್ಮ ಹೆಸರನ್ನು ನೋಡಿಯೇ ಅವರು ನಂಬಿ ಮೋಸಹೋಗುತ್ತಾರೆ. ಪರರ ಖಾಸಗಿ ಬದುಕಿನ ವಿಷಯದಲ್ಲಿ ಸಂಯಮವಿರಬೇಕೆಂದು ಧರ್ಮಸಭೆಯ ಧರ್ಮೋಪದೇಶವು ಎಂಟನೆಯ ಆಜ್ಞೆಯ ವಿವರಣೆಯಲ್ಲೇ ಬೋಧಿಸುತ್ತದೆ.

ಅದೇ ಆಜ್ಞೆ ನಮ್ಮ ಉತ್ತರಗಳಿಗೂ ಅನ್ವಯಿಸುತ್ತದೆ. 'ಸುಳ್ಳು ಜನ್ಮದಿನಾಂಕ ಬರೆದರಾಯಿತು' ಎನ್ನುವವರಿದ್ದಾರೆ. ಸುಳ್ಳು ಬೇಡ, ಖಾಲಿ ಬಿಡಿ. ಖಾಲಿ ಬಿಡಲಾಗದಿದ್ದರೆ ಆ ಮಾದರಿಯನ್ನೇ ಬಿಡಿ. ಮನೆಗೊಂದು ಎಂಬ ನಿಯಮವಿದ್ದಾಗ ಅಜ್ಜಿಯ ಹೆಸರಿನಲ್ಲಿ ಇನ್ನೊಂದು, ಮಗುವಿನ ಹೆಸರಿನಲ್ಲಿ ಮತ್ತೊಂದು ತರಿಸುವುದೂ ಸತ್ಯವಲ್ಲ. ಅಲ್ಪದರಲ್ಲಿ ಪ್ರಾಮಾಣಿಕನಾದವನು ಹೆಚ್ಚಿನದರಲ್ಲೂ ಪ್ರಾಮಾಣಿಕನಾಗಿರುತ್ತಾನೆಂದು ಪ್ರಭು ಯೇಸು ಕಲಿಸಿದ್ದಾರೆ. ಮಕ್ಕಳು ಈ ಪಾಠವನ್ನು ಕಲಿಯುವುದು ನಮ್ಮನ್ನು ನೋಡಿಯೇ.

ಹಾಗೆಂದು ಅಂತರ್ಜಾಲವನ್ನು ಕಂಡು ಹೆದರಬೇಕಾಗಿಲ್ಲ. 2025ರಲ್ಲಿ ಸಂತ ಪದವಿ ಪಡೆದ ಕಾರ್ಲೊ ಅಕುಟಿಸ್ ಎಂಬ ಬಾಲಕ ಕಂಪ್ಯೂಟರನ್ನು ಪರಮಪ್ರಸಾದದ ಅದ್ಭುತಗಳನ್ನು ಸಾರಲು ಬಳಸಿದನು. ಸರ್ಪಗಳಂತೆ ಜಾಣರೂ ಪಾರಿವಾಳಗಳಂತೆ ನಿಷ್ಕಪಟಿಗಳೂ ಆಗಿರಬೇಕೆಂಬ ಪ್ರಭುವಿನ ಬೋಧನೆ ಇಲ್ಲಿಗೂ ಸಲ್ಲುತ್ತದೆ.

ಒಂದು ವೇಳೆ ಮೋಸಹೋಗಿ ಹಣ ಕಳೆದುಕೊಂಡರೆ ನಾಚಿಕೆಯಿಂದ ಮುಚ್ಚಿಡಬೇಡಿ. ಕೂಡಲೇ ಬ್ಯಾಂಕಿಗೆ ತಿಳಿಸಿ, 1930 ಸಂಖ್ಯೆಗೆ ಕರೆಮಾಡಿ. ತಡವಾದಷ್ಟೂ ಹಣ ತಡೆಹಿಡಿಯುವುದು ಕಷ್ಟ. ಮನೆಯ ಹಿರಿಯರು ಇಂಥ ತಪ್ಪು ಮಾಡಿದಾಗ ಮಕ್ಕಳು ಗದರದೆ ನೆರವಾಗಲಿ. ಗದರಿದರೆ ಮುಂದಿನ ಸಲ ಅವರು ಹೇಳುವುದೇ ಇಲ್ಲ.

ಕುಟುಂಬದಲ್ಲಿ ಚರ್ಚಿಸಿರಿ

• ಕಳೆದ ತಿಂಗಳು ನಾವು ಯಾರಿಗೆಲ್ಲಾ ಫೋನ್ ನಂಬರು ಕೊಟ್ಟೆವು? ಅದು ಅಗತ್ಯವಿತ್ತೇ?
• ಇತರರು ನಂಬಿ ಕೊಟ್ಟ ಯಾವ ವಿವರಗಳು ನಮ್ಮ ಬಳಿ ಇವೆ?

ಈ ವಾರದ ಸಂಕಲ್ಪ: ಸಂಜೆಯ ಜಪಸರದ ನಂತರ ಮನೆಮಂದಿಯೆಲ್ಲಾ ಕುಳಿತು, ಫೋನಿನಲ್ಲಿರುವ ಬೇಡದ ಆ್ಯಪ್‌ಗಳನ್ನು ತೆಗೆದುಹಾಕೋಣ. ಪ್ರಭುವು ನಮಗೆ ವಿವೇಕವನ್ನೂ ಸತ್ಯದಲ್ಲಿ ನಡೆಯುವ ಬಲವನ್ನೂ ದಯಪಾಲಿಸಲಿ.