ಫೋನ್ ಎತ್ತದಿದ್ದರೆ ಮನೆಗೇ ಹೋಗಿ ನೋಡಿ

ಒಂಟಿಯಾಗಿರುವ ಹಿರಿಯ ಸಹೋದ್ಯೋಗಿ ಹೇಳದೆ ಕೇಳದೆ ಕೆಲಸಕ್ಕೆ ಬಾರದಿದ್ದರೆ, ಫೋನಿಗೂ ಸಿಗದಿದ್ದರೆ, ‘ಊರಿಗೆ ಹೋಗಿರಬೇಕು ಬಿಡಿ’ ಎಂದು ಸುಮ್ಮನಾಗಬೇಡಿ. ಬಚ್ಚಲಲ್ಲಿ ಜಾರಿ ಬಿದ್ದವರಿಗೆ ಹಾಲ್‌ನಲ್ಲಿ ರಿಂಗಾಗುವ ಮೊಬೈಲ್ ಕೇಳಿಸಿದರೂ ಕೈಗೆಟುಕುವುದಿಲ್ಲ. ಗಂಟೆಗಟ್ಟಲೆ ನೆಲದ ಮೇಲೆ ಬಿದ್ದಿದ್ದರೆ ಮೈಯ ನೀರಿನಂಶ ಇಳಿದು, ಮೂತ್ರಪಿಂಡಕ್ಕೂ ಪೆಟ್ಟಾಗಬಹುದು. ಪಾರ್ಶ್ವವಾಯುವಾದರಂತೂ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು.

ಮೊದಲು ಅಕ್ಕಪಕ್ಕದವರಿಗೆ, ಮಕ್ಕಳಿಗೆ ಫೋನ್ ಮಾಡಿ. ಸುದ್ದಿ ಸಿಗದಿದ್ದರೆ ಅವತ್ತೇ ಇನ್ನೊಬ್ಬರನ್ನು ಜೊತೆಗೆ ಕರೆದುಕೊಂಡು ಮನೆಗೆ ಹೋಗಿ. ಹಾಲಿನ ಪ್ಯಾಕೆಟ್, ಪೇಪರ್ ಬಾಗಿಲಲ್ಲೇ ಬಿದ್ದಿವೆಯೇ? ಹಗಲಲ್ಲೂ ಲೈಟ್ ಉರಿಯುತ್ತಿದೆಯೇ? ಒಳಗಿನಿಂದ ಚಿಲಕ ಹಾಕಿದೆಯೇ? ಬಾಗಿಲು ಬಡಿದು, ಹೆಸರು ಹಿಡಿದು ಕೂಗಿ. ಉತ್ತರವಿಲ್ಲದಿದ್ದರೆ 112ಕ್ಕೆ ಕರೆ ಮಾಡಿ. ಪೊಲೀಸರು ಬಂದು ಬಾಗಿಲು ತೆಗೆಸುತ್ತಾರೆ. ಆಂಬುಲೆನ್ಸ್‌ಗೆ 108. ಬಿದ್ದವರನ್ನು ಎಳೆದು ಕೂರಿಸಬೇಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಇದಕ್ಕೆಲ್ಲ ಮೊದಲೇ ಮಾಡಬೇಕಾದ ಕೆಲಸವೊಂದಿದೆ. ಊಟದ ಹೊತ್ತಿನಲ್ಲಿ ಜೊತೆಗೆ ಕೂತಾಗ ಅವರ ಮನೆ ವಿಳಾಸ, ಹತ್ತಿರದ ನೆಂಟರ ನಂಬರ್, ಇನ್ನೊಂದು ಬೀಗದ ಕೈ ಯಾರ ಹತ್ತಿರವಿದೆ, ಬಿಪಿ-ಶುಗರ್‌ಗೆ ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ ಎಂಬುದನ್ನು ವಿಶ್ವಾಸದಿಂದ ಕೇಳಿ ಬರೆದಿಟ್ಟುಕೊಳ್ಳಿ. ಆಸರೆ, ಸಲಹೆ ಬೇಕಾದ ಹಿರಿಯರಿಗೆ 14567 ಸಹಾಯವಾಣಿಯೂ ಇದೆ ಎಂದು ತಿಳಿಸಿ.

ಹೋದಾಗ ಅವರು ಆರಾಮಾಗಿದ್ದು, ‘ಫೋನ್ ಚಾರ್ಜ್ ಇರಲಿಲ್ಲ ಕಣಪ್ಪಾ’ ಎಂದರೆ ಸಂತೋಷಪಡಿ. ವಿಚಾರಿಸಲು ಹೋದದ್ದು ಯಾವತ್ತೂ ವ್ಯರ್ಥವಲ್ಲ. ದಯವಿಟ್ಟು ಸಂಕೋಚ ಬಿಡಿ, ಹೋಗಿ ನೋಡಿ.