ಮಹಾವೀರಾಚಾರ್ಯನ ಒಂದು ಸಂಖ್ಯೆ: ಅಲಂಕಾರ ಮತ್ತು ಸ್ವರೂಪ

ಅಮೋಘವರ್ಷ ನೃಪತುಂಗನ ಹೆಸರೆತ್ತಿದೊಡನೆ ಕನ್ನಡಿಗರಾದ ನಮಗೆ 'ಕವಿರಾಜಮಾರ್ಗ' ನೆನಪಾಗುತ್ತದೆ. ಅದೇ ದೊರೆಯನ್ನು ಗ್ರಂಥಾರಂಭದಲ್ಲಿ ಸ್ತುತಿಸಿ, ಕ್ರಿ.ಶ. 850ರ ಸುಮಾರಿಗೆ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ವು ಸಾಹಿತ್ಯಾಭ್ಯಾಸಿಗಳ ಕಣ್ಣಿಗೆ ಬೀಳುವುದು ವಿರಳ. ಎಂ. ರಂಗಾಚಾರ್ಯರು ಸಂಪಾದಿಸಿದ ಅದರ ಮುದ್ರಣವು 1912ರಲ್ಲಿ ಮದರಾಸಿನಿಂದ ಹೊರಬಂದಿತು. ಭಾಷಾಪಂಡಿತನಿಗೆ ಲೆಕ್ಕದ ಗೊಡವೆ ಏಕೆಂದು ಕೇಳುವವರುಂಟು. ಈ ಗ್ರಂಥದ ಗುಣಾಕಾರ ಪ್ರಕರಣವನ್ನು ಅವರು ಒಮ್ಮೆ ನೋಡಬೇಕು.

ಅಲ್ಲಿ 2,79,94,681ನ್ನು 441ರಿಂದ ಗುಣಿಸುವ ಲೆಕ್ಕವೊಂದಿದೆ. ಗುಣಲಬ್ಧ 12,34,56,54,321. ಒಂದರಿಂದ ಆರರವರೆಗೆ ಏರಿ, ಏರಿದ ಕ್ರಮದಲ್ಲಿಯೇ ಇಳಿಯುವ ಸಂಖ್ಯೆಯಿದು. ಇಂಥ ಗುಣಲಬ್ಧಗಳನ್ನು ಆಚಾರ್ಯನು ಕೊರಳ ಹಾರಕ್ಕೆ ಹೋಲಿಸುತ್ತಾನೆ.

ಇದನ್ನು ಕರಿಹಲಗೆಯ ಮೇಲೆ ಚಮತ್ಕಾರವೆಂದು ತೋರಿಸಿ ಮುಗಿಸಿಬಿಡುವುದುಂಟು. ಆದರೆ ಹುಡುಗರಿಗೆ ಹೇಳಬೇಕಾದುದು ಕಾರಣವನ್ನು. 441 ಎಂಬುದು 21ರ ವರ್ಗ. 2,79,94,681 ಎಂಬುದು 5,291ರ ವರ್ಗ. 21ನ್ನು 5,291ರಿಂದ ಗುಣಿಸಿದರೆ 1,11,111. ಆರು ಒಂದುಗಳ ಈ ಸಂಖ್ಯೆಯನ್ನು ಅದರಿಂದಲೇ ಗುಣಿಸುವಾಗ ಒಂದೊಂದು ಸ್ಥಾನ ಸರಿದು ಆರು ಸಾಲುಗಳು ಬೀಳುತ್ತವೆ. ಬಿಡಿಸ್ಥಾನದಲ್ಲಿ ಕೂಡಬೇಕಾದುದು ಒಂದೇ ಒಂದು, ಹತ್ತರ ಸ್ಥಾನದಲ್ಲಿ ಎರಡು, ನಟ್ಟನಡುವೆ ಆರು. ಹಾರವು ಪೋಣಿಸಲ್ಪಡುವುದು ಹೀಗೆ.

ಅಲಂಕಾರಶಾಸ್ತ್ರದ ಪರಿಭಾಷೆಯಲ್ಲಿ ಇದು ಶಬ್ದಾಲಂಕಾರ. ಪರ್ಯಾಯಪದವನ್ನಿಟ್ಟರೆ ಯಮಕವು ಅಳಿಯುವಂತೆ, ಹತ್ತರ ಬದಲು ಎಂಟನ್ನು ಆಧಾರವಾಗಿ ಹಿಡಿದು ಇದೇ ಸಂಖ್ಯೆಯನ್ನು ಬರೆದರೆ ಅದು 133766736061 ಎಂದಾಗಿ ಸೊಬಗೆಲ್ಲ ಮಾಯವಾಗುತ್ತದೆ. ಬರಹ ಬದಲಾದರೂ ಬದಲಾಗದ ಸ್ವರೂಪವು ಅವಿಭಾಜ್ಯ ಅಪವರ್ತನಗಳಲ್ಲಿದೆ. ಅವು 3, 7, 11, 13, 37. ಪ್ರತಿಯೊಂದೂ ಎರಡೆರಡು ಬಾರಿ. ಒಂದೊಂದನ್ನೂ ಬಿಡಬಹುದು, ಒಮ್ಮೆ ಇಲ್ಲವೆ ಎರಡು ಬಾರಿ ತೆಗೆದುಕೊಳ್ಳಬಹುದು. ಆದುದರಿಂದ ಭಾಜಕಗಳು ಒಟ್ಟು 243.

ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತವು ಸಂಖ್ಯೆಗಿಂತ ಕಡಮೆಯಾದರೆ ಅದು ನ್ಯೂನ, ಸಮನಾದರೆ ಪರಿಪೂರ್ಣ, ಮೀರಿದರೆ ಸಮೃದ್ಧ. ಈ ವಿಂಗಡಣೆ ಗ್ರೀಕರದು. ಇದನ್ನು ನಮ್ಮ ಆಚಾರ್ಯನ ಮೇಲೆ ಆರೋಪಿಸಬಾರದು. ಬೆಸಸಂಖ್ಯೆಗಳು ಬಹುಮಟ್ಟಿಗೆ ನ್ಯೂನಗಳೇ. 945ರ ಕೆಳಗೆ ಸಮೃದ್ಧವಾದ ಬೆಸಸಂಖ್ಯೆ ಒಂದೂ ಇಲ್ಲ. ಹಾರದ ಸಂಖ್ಯೆಯ ಉಳಿದ 242 ಭಾಜಕಗಳ ಮೊತ್ತವಾದರೋ 13,02,98,70,672. ಸಂಖ್ಯೆಗಿಂತ 68,42,16,351 ಹೆಚ್ಚು. ಆದುದರಿಂದ ಇದು ಸಮೃದ್ಧ. ಪರಿಪೂರ್ಣವಾಗುವುದಂತೂ ಇದಕ್ಕೆ ಸಾಧ್ಯವೇ ಇರಲಿಲ್ಲ. ಬೆಸವರ್ಗದ ಭಾಜಕಗಳೆಲ್ಲವೂ ಬೆಸ, ಅವುಗಳ ಎಣಿಕೆಯೂ ಬೆಸ. ತನ್ನನ್ನು ಕಳೆದರೆ ಎಣಿಕೆ ಸಮವಾಗಿ ಮೊತ್ತವೂ ಸಮವಾಗುತ್ತದೆ. ಸಮಸಂಖ್ಯೆಯು ಬೆಸಸಂಖ್ಯೆಗೆ ಎಂದೂ ಸಮನಾಗದು. ವರ್ಗವಲ್ಲದ ಬೆಸಸಂಖ್ಯೆಗಳಲ್ಲಿ ಪರಿಪೂರ್ಣವಾದುದೊಂದು ಇದೆಯೇ ಎಂಬ ಪ್ರಶ್ನೆ ಇಂದಿಗೂ ಇತ್ಯರ್ಥವಾಗಿಲ್ಲ.

ಈ ಸಮೃದ್ಧಿಯು 37ರ ಕೊಡುಗೆ. ಅದನ್ನು ಎರಡು ಬಾರಿಯೂ ತೆಗೆದುಹಾಕಿದರೆ ಉಳಿಯುವುದು 3,003ರ ವರ್ಗ, ಎಂದರೆ 90,18,009. ಅದರ ಉಳಿದ ಭಾಜಕಗಳ ಮೊತ್ತ 90,17,190. ತೊಂಬತ್ತು ಲಕ್ಷದ ಮೇಲಣ ಸಂಖ್ಯೆಯೊಂದು ಕೇವಲ 819ರ ಕೊರತೆಯಿಂದ ನ್ಯೂನವಾಗಿ ಉಳಿಯಿತು.